ಅಕ್ಕನಿಗೆ ಆಗದೇ ಇದ್ದ ಕಲ್ಲಿನ ಆಪರೇಷನ್

ನಮ್ಮ ಆಸ್ಪತ್ರೆಯ ರೋಗಿ ಸುರಕ್ಷತಾ ಸಮಿತಿಗೆ ನಾನು ಸದಸ್ಯೆ. ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಬರುವ ಸಂಗತಿಯಲ್ಲಿ ರೋಗಿಗೆ ಎಲ್ಲರಿಗಿಂತ ಹೆಚ್ಚು ಅಪಾಯ ತಂದವಳು ನಾನೇ. ತುಮಕೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸರ್ಜರಿ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ನಾನು. ಮನೆ ಗುಬ್ಬಿಯಲ್ಲಿ. ದಿನಾ ಬೆಳಿಗ್ಗೆ ಸಿಕ್ಕ ಬಸ್ಸೋ ರೈಲೋ ಹತ್ತಿ ಹೋಗಿ, ಸಂಜೆ ಕಾಲು ಊದಿಸಿಕೊಂಡು ವಾಪಸ್ ಬರುವ ಬಾಳು.

ಸಮಿತಿ ತಿಂಗಳಿಗೊಮ್ಮೆ ಸೇರುತ್ತದೆ. ಆ ವರ್ಷ ನಾವು ಕೈಗೆತ್ತಿಕೊಂಡ ವಿಷಯ, ತೂಕ ಇಳಿಸುವ ಶಸ್ತ್ರಚಿಕಿತ್ಸೆಯಲ್ಲಿ ರೋಗಿಯ ಸುರಕ್ಷತೆ ಮತ್ತು ಉತ್ತಮ ಫಲಿತಾಂಶ. ವಿಷಯದ ಗಾಂಭೀರ್ಯಕ್ಕೆ ತಕ್ಕಂತೆ ಮೊದಲ ಸಭೆಗೆ ಕ್ರೀಮ್ ಕೇಕ್, ಆಲೂ ಪಫ್ಸ್, ಸಕ್ಕರೆ ಜಾಸ್ತಿ ಹಾಕಿದ ಕಾಫಿ ತರಿಸಿದ್ದರು. ಕೇಕಿನ ಮೇಲೆ ಸುರಕ್ಷತೆಯೇ ನಮ್ಮ ಉಸಿರು ಎಂದು ಇಂಗ್ಲಿಷಿನಲ್ಲಿ ಬರೆಸಿದ್ದರು. ಎರಡು ತುಂಡು ತಿಂದು ನಾನೂ ಉಸಿರಾಡಿದೆ. ಗೋಡೆಯ ಮೇಲೆ ಒಂದು ಗ್ರಾಫ್ ಬಿತ್ತು. ಆಪರೇಷನ್ ಆದವರ ತೂಕ ತಿಂಗಳು ತಿಂಗಳಿಗೆ ಇಳಿಯುತ್ತಾ ಹೋಗುವ ಗೆರೆ. ಗೆರೆ ಎಷ್ಟು ಕಡಿದಾಗಿ ಇಳಿಯುತ್ತದೋ ಆ ರೋಗಿಯ ಫಲಿತಾಂಶ ಅಷ್ಟು ಚೆನ್ನ ಎಂದು ತೀರ್ಮಾನವಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದೆವು.

ಹಾಗಂತ ಥಿಯೇಟರಿನ ಒಳಗೆ ನಮ್ಮದು ಅಸಡ್ಡೆಯ ಕೆಲಸವಲ್ಲ. ರೋಗಿಯ ಹೆಸರನ್ನು ಮೂರು ಜನ ಮೂರು ಸಲ ಕೇಳುತ್ತೇವೆ. ಹತ್ತಿಬಟ್ಟೆ ಎಣಿಸುತ್ತೇವೆ, ಸೂಜಿ ಎಣಿಸುತ್ತೇವೆ, ಎಣಿಸಿದ್ದನ್ನು ಇನ್ನೊಬ್ಬಳು ಎಣಿಸುತ್ತಾಳೆ. ಮರುದಿನವೇ ರೋಗಿಯನ್ನು ಎಬ್ಬಿಸಿ ನಡೆಸುತ್ತೇವೆ, ಕಾಲಿನ ರಕ್ತ ಹೆಪ್ಪುಗಟ್ಟದಿರಲಿ ಎಂದು. ನಮ್ಮ ಸರ್ಜನ್ ಕೈ ಬಲು ಒಳ್ಳೆಯ ಕೈ. ಅವರು ಮಾಡುವ ಆಪರೇಷನ್ನಿನಲ್ಲಿ ಹೊಟ್ಟೆಯ ಮುಕ್ಕಾಲು ಪಾಲು ಕತ್ತರಿಸಿ ತೆಗೆದು, ಉದ್ದನೆಯ ಬಾಳೆಕಾಯಿಯಂಥ ಒಂದು ಚೀಲವನ್ನಷ್ಟೇ ಉಳಿಸುತ್ತಾರೆ. ಅದರಲ್ಲಿ ಒಂದು ಸಣ್ಣ ಬಟ್ಟಲಿನಷ್ಟು ಊಟ ಹಿಡಿದರೆ ಹೆಚ್ಚು. ಆಸ್ಪತ್ರೆಯ ಗೇಟು ದಾಟುವ ತನಕ ನಮ್ಮ ರೋಗಿಗಳಷ್ಟು ಸುರಕ್ಷಿತರು ಇಡೀ ತುಮಕೂರಿನಲ್ಲೇ ಇರಲಿಲ್ಲ. ಗೇಟಿನ ಆಚೆಗೂ ಒಂದು ಪ್ರಪಂಚ ಇದೆ ಎನ್ನುವುದು ಸಮಿತಿಯ ಕಾರ್ಯಸೂಚಿಯಲ್ಲಿ ಇರಲಿಲ್ಲ.

ಆ ಪ್ರಪಂಚದಲ್ಲಿ, ಕುಣಿಗಲ್ಲಿನಲ್ಲಿ, ನನ್ನ ಅಕ್ಕ ಇದ್ದಳು. ದೊಡ್ಡಕೆರೆಯ ಕಡೆ ಹೋಗುವ ರಸ್ತೆಯಲ್ಲಿ ಅವಳ ಮನೆ, ಮನೆಯ ಮುಂದಿನ ಕೋಣೆಯೇ ಅವಳ ಟೈಲರಿಂಗ್ ಅಂಗಡಿ. ಬ್ಲೌಸ್ ಹೊಲಿಯುವುದರಲ್ಲಿ ಅವಳನ್ನು ಮೀರಿಸಿದವರು ಆ ಊರಲ್ಲಿಲ್ಲ ಅಂತ ನಾನಲ್ಲ, ಅವಳೇ ಹೇಳುತ್ತಿದ್ದಳು. ಬೇರೆ ಟೈಲರುಗಳು ಅಳತೆಗೆ ಹಳೇ ಬ್ಲೌಸ್ ತಗೊಂಡು ಬನ್ನಿ ಅನ್ನುತ್ತಾರೆ, ಇಲ್ಲವೇ ಪುಸ್ತಕದಲ್ಲಿ ಬರೆದಿಡುತ್ತಾರೆ. ಅಕ್ಕ ಒಂದು ಸಲ ಟೇಪು ಹಿಡಿದರೆ ಮುಗಿಯಿತು. ಎದೆ, ಸೊಂಟ, ತೋಳು, ಕತ್ತಿನ ಇಳಿತ, ಎಲ್ಲ ಅವಳ ತಲೆಯಲ್ಲೇ. ಐದು ವರ್ಷ ಬಿಟ್ಟು ಬಂದವರನ್ನೂ ಬಾಗಿಲಲ್ಲೇ ಮೇಲಿಂದ ಕೆಳಗೆ ನೋಡಿ, "ತೋಳು ಅರ್ಧ ಇಂಚು ಜಾಸ್ತಿ ಆಗೈತೆ, ಏನ್ ಸಮಾಚಾರ?" ಅನ್ನುತ್ತಿದ್ದಳು. ಕುಣಿಗಲ್ಲಿನ ಹೆಂಗಸರು ದಪ್ಪಗಾದದ್ದು ಸಣ್ಣಗಾದದ್ದು ಅವರ ಗಂಡಂದಿರಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು.

ಅವಳದೇ ತೂಕ ಮಾತ್ರ ನೂರಾ ಎಂಟು ಕೆಜಿ. ಸಕ್ಕರೆ ಕಾಯಿಲೆ, ಮಂಡಿ ನೋವು, ಮಲಗಿದರೆ ಉಸಿರು ಕಟ್ಟುವುದು. ಐವತ್ಮೂರು ವರ್ಷಕ್ಕೆ ಎಪ್ಪತ್ತರವರಂತೆ ಗೋಡೆ ಹಿಡಿದು ನಡೆಯುತ್ತಿದ್ದಳು. ನಡಿಗೆ, ಪಥ್ಯ, ಉಪವಾಸ, ಯಾರೋ ಹೇಳಿದ ಕಷಾಯ, ಎಲ್ಲ ಮಾಡಿ ಸಾಕಾಗಿತ್ತು. ಆಪರೇಷನ್ ಮಾಡಿಸಿಕೋ ಅಂತ ನಾನೇ ಒಂದು ವರ್ಷ ದುಂಬಾಲು ಬಿದ್ದೆ. ಈಗಲೂ ಕೇಳಿದರೆ ಅದು ಸರಿಯಾದ ಸಲಹೆಯೇ ಅನ್ನುತ್ತೇನೆ. ಹಾಳಾಗಿದ್ದು ಅದಾದ ಮೇಲೆ ಕೊಟ್ಟ ಇನ್ನೊಂದು ಸಲಹೆಯಿಂದ.

ಅಕ್ಕ ಒಪ್ಪಿದಳು. ಭಾವನೂ ಒಪ್ಪಿದರು. ಆದರೆ ಅವರ ಮುಖದಲ್ಲಿ ಗೆಲುವಿರಲಿಲ್ಲ. ಕಾಫಿ ಲೋಟ ಹಿಡಿದು ತಿರುಗಿಸುತ್ತಾ ಕೂತಿದ್ದರು.

"ಮಾಡ್ಸಾಣ, ನಂದೇನ್ ತಕರಾರಿಲ್ಲ. ಆದ್ರೆ ಜನಕ್ಕೆ ಏನಂತ ಹೇಳಾದು? ತಿನ್ನಾದು ಕಮ್ಮಿ ಮಾಡಕ್ಕಾಗ್ದೆ ಹೊಟ್ಟೆ ಕುಯ್ಸ್ಕೊಂಡ್ಲು ಅಂತಾರೆ ಕಣಮ್ಮ. ನಮ್ಮಕ್ಕಂಗೆ ಗೊತ್ತಾದ್ರಂತೂ ಮುಗೀತು."

ಭಾವನ ಅಕ್ಕ ಇರುವುದು ಯಡಿಯೂರಿನಲ್ಲಿ. ದೊಡ್ಡ ಬಾಯಿಯ ಹೆಂಗಸು ಅಂತ ಇವರೇ ತೀರ್ಮಾನ ಮಾಡಿಟ್ಟಿದ್ದರು. ಅಕ್ಕನಿಗೂ ಅದೇ ಹೆದರಿಕೆ. ಊರಿನ ಹೆಂಗಸರ ಸೊಂಟಕ್ಕೆಲ್ಲ ಟೀಕೆ ಹೇಳುತ್ತಿದ್ದವಳಿಗೆ ತನ್ನ ಸೊಂಟದ ಮಾತು ಬೇರೆಯವರ ಬಾಯಲ್ಲಿ ಬರುವುದು ಬೇಡವಾಗಿತ್ತು.

ಆಗ ನಾನು ಬಾಯಿ ತೆರೆದೆ. "ಗಾಲ್‌ಬ್ಲಾಡರ್ ಸ್ಟೋನ್ ಅನ್ನಿ ಭಾವ. ಪಿತ್ತಕೋಶದಲ್ಲಿ ಕಲ್ಲಾಗಿತ್ತು, ತೆಗೆಸಿದ್ವಿ ಅನ್ನಿ. ಅದ್ರಲ್ಲೂ ಹೊಟ್ಟೆ ಮೇಲೆ ಹಿಂಗೇ ನಾಕೈದು ತೂತು ಮಾಡ್ತಾರೆ. ಗಾಯ ನೋಡಿದ್ರೂ ಯಾರಿಗೂ ಗೊತ್ತಾಗಲ್ಲ. ಸಣ್ಣ ಆಗಿದ್ದು ಪಥ್ಯಕ್ಕೆ ಅಂತ ಹೇಳ್ಬೋದು."

ಭಾವನ ಮುಖ ಅರಳಿತು. ಅಕ್ಕ ತೊಡೆ ತಟ್ಟಿಕೊಂಡು ನಕ್ಕಳು. "ನೋಡ್ರಿ, ಓದಿದೋಳೊಬ್ಳು ಮನೇಲಿರ್ಬೇಕು ಅನ್ನಾದು ಇದಕ್ಕೇಯ!" ಅಂದಳು. ಇಷ್ಟು ವರ್ಷದ ನನ್ನ ಸರ್ವೀಸಿನಲ್ಲಿ ನನ್ನ ವೈದ್ಯಕೀಯ ಜ್ಞಾನಕ್ಕೆ ಸಿಕ್ಕ ಅತಿ ದೊಡ್ಡ ಮೆಚ್ಚುಗೆ ಅದು.

ಆಪರೇಷನ್ ಹೂವೆತ್ತಿದಷ್ಟು ಸಲೀಸಾಗಿ ಆಯಿತು. ಮೂರನೇ ದಿನ ಮನೆಗೆ ಬಿಟ್ಟರು. ಡಿಸ್ಚಾರ್ಜ್ ಸಮ್ಮರಿ ಎಂಬ ನಾಲ್ಕು ಪುಟದ ಕಾಗದ ಇಂಗ್ಲಿಷಿನಲ್ಲಿತ್ತು. ಭಾವ ಅದನ್ನು ಮನೆಗೆ ಹೋದ ಕೂಡಲೇ ಬೀರುವಿನಲ್ಲಿ ರೇಷ್ಮೆ ಸೀರೆಗಳ ಅಡಿಯಲ್ಲಿ ಇಟ್ಟು ಬೀಗ ಹಾಕಿದರು. ಬಂದವರು ಯಾರಾದರೂ ಓದಿಬಿಟ್ಟರೆ? ವಿಟಮಿನ್ ಮಾತ್ರೆಗಳನ್ನು ಅಕ್ಕ ಗುಂಡಿ ಹುಕ್ಕುಗಳ ಡಬ್ಬದಲ್ಲಿ ಬಚ್ಚಿಟ್ಟಳು. ಕಲ್ಲು ತೆಗೆಸಿಕೊಂಡವಳಿಗೆ ಜೀವನಪೂರ್ತಿ ಮಾತ್ರೆ ಯಾಕೆ ಅಂತ ಯಾರಾದರೂ ಕೇಳಿದರೆ? ನಮ್ಮ ಮನೆಯವರು ಸುಳ್ಳನ್ನು ಕಾಪಾಡಿದಷ್ಟು ಶ್ರದ್ಧೆಯಿಂದ ಬೇರೇನನ್ನೂ ಕಾಪಾಡಿದ್ದು ನಾನು ಕಂಡಿಲ್ಲ.

ಜೊತೆಗೆ ಒಂದು ಊಟದ ಪಟ್ಟಿ ಕೊಟ್ಟಿದ್ದೆವು. ಅದನ್ನು ಸಮಿತಿ ಎಲ್ಲಿಂದಲೋ ತರಿಸಿದ್ದು. ಅದರಲ್ಲಿ ಕುಣಿಗಲ್ ಸಂತೆಯಲ್ಲಿ ಯಾರೂ ಕಂಡಿರದ ತರಕಾರಿಗಳಿದ್ದವು. ಮೊದಲು ನೀರಿನಂಥದು, ಆಮೇಲೆ ಗಂಜಿಯಂಥದು, ಎಂಟನೇ ವಾರದ ಮೇಲೆ ಮೆತ್ತಗಿನ ಊಟ. ಮೆತ್ತಗಿನ ಊಟದ ಸಾಲಿನಲ್ಲಿ ರಾಗಿ ಪದಾರ್ಥಗಳು ಎಂದೂ ಇತ್ತು. ಪಟ್ಟಿಯ ಕೊನೆಗೆ ದಪ್ಪಕ್ಷರದಲ್ಲಿ, ಪ್ರತಿ ತುತ್ತನ್ನೂ ಮೂವತ್ತು ಸಲ ಅಗಿದು ತಿನ್ನಿ ಎಂಬ ಸೂಚನೆ. ಆ ಪಟ್ಟಿ ಬರೆದವರು ಪಾಪ, ಮುದ್ದೆ ಉಣ್ಣುವವರನ್ನು ನೋಡಿರಲಿಕ್ಕಿಲ್ಲ. ನಮ್ಮ ಕಡೆ ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಮುದ್ದೆ ಅಗಿಯುವವರನ್ನು ಕಂಡರೆ ಮಕ್ಕಳೂ ನಗುತ್ತವೆ. ಆದರೆ ನಾನು ನೋಡಿದ್ದೆನಲ್ಲ? ಮುದ್ದೆ ಉಂಡೇ ಬೆಳೆದವಳು, ಆ ಪಟ್ಟಿಗೆ 'ರೋಗಿಗೆ ವಿವರಿಸಲಾಗಿದೆ' ಎಂದು ಸಹಿ ಹಾಕಿದವಳು ನಾನು.

ಎಂಟು ವಾರ ಎಲ್ಲ ಚೆನ್ನಾಗಿತ್ತು. ಒಂಬತ್ತನೇ ವಾರ ಅಕ್ಕ ಭಾವ ಯಡಿಯೂರಿಗೆ ದೇವರ ದರ್ಶನಕ್ಕೆ ಹೋದರು. ಆಪರೇಷನ್ ಸುಸೂತ್ರ ಆದರೆ ಬಂದು ಹೋಗುತ್ತೇನೆ ಅಂತ ಅಕ್ಕ ಹರಕೆ ಹೊತ್ತಿದ್ದಳು. ಅಲ್ಲಿಗೆ ಹೋದ ಮೇಲೆ ಭಾವನ ಅಕ್ಕನ ಮನೆಗೆ ಹೋಗದೆ ಇರಲಾಗುತ್ತದೆಯೇ? ಆ ತಾಯಿ ಬಿಸಿ ಮುದ್ದೆ, ಅವರೆಕಾಳು ಸಾರು ಮಾಡಿದ್ದರು. ಅಕ್ಕ ಮೊದಲು ಬೇಡ ಅಂದಳಂತೆ.

"ಬ್ಯಾಡ ಅಂದ್ರೇನು? ಕಲ್ಲು ತೆಗ್ಸ್ಕೊಂಡು ಎರಡು ತಿಂಗ್ಳಾತು. ನಮ್ಮ ಪಕ್ಕದ್ಮನೆಯೋಳು ಕಲ್ಲು ತೆಗ್ಸಿ ಹದಿನೈದು ದಿಸಕ್ಕೇ ಮುದ್ದೆ ಉಂಡ್ಲು. ಸೊರಗಿ ಸುಣ್ಣ ಆಗಿದ್ದೀಯ, ಉಣ್ಣವ್ವ ಸುಮ್ಕೆ," ಅಂದರಂತೆ ಭಾವನ ಅಕ್ಕ.

ಕಲ್ಲಿನ ಆಪರೇಷನ್ ಆದವಳಿಗೆ ಮುದ್ದೆ ಬೇಡ ಅನ್ನಲು ಕಾರಣವೇ ಇಲ್ಲ. ಬೇಡ ಅಂದರೆ ಗುಟ್ಟು ಬಯಲಾದೀತು. ಅಕ್ಕ ಅರ್ಧ ಮುದ್ದೆ ಮುರಿದು, ಜೀವಮಾನದ ಅಭ್ಯಾಸದಂತೆ, ನುಂಗಿದಳು. ನಾನು ಸೃಷ್ಟಿಸಿದ ಕಲ್ಲು ಅಲ್ಲಿ ಮೊದಲ ಸಲ ಅವಳ ಹೊಟ್ಟೆಯಲ್ಲಿ ಸಿಕ್ಕಿಕೊಂಡಿತು.

ಎದೆ ಹಿಡಿದುಕೊಂಡು ಮನೆಗೆ ಬಂದವಳು ಅವತ್ತಿನಿಂದ ವಾಂತಿ ಮಾಡತೊಡಗಿದಳು. ಮುದ್ದೆ ಹೋಯಿತು, ವಾಂತಿ ಹೋಗಲಿಲ್ಲ. ಹೊಟ್ಟೆಯ ಆ ಸಣ್ಣ ಚೀಲ ಒಂದು ಕಡೆ ಕಿರಿದಾಗುತ್ತಾ ಬಂದಿತ್ತು ಅನ್ನುವುದು ಗೊತ್ತಾದದ್ದು ಆಮೇಲೆ. ಗಂಜಿ ಕುಡಿದರೆ ಅರ್ಧ ವಾಪಸ್. ಮಾತ್ರೆ ನುಂಗಿದರೆ ಅದೂ ವಾಪಸ್. ಅವಳೇ ಮಾತ್ರೆ ನಿಲ್ಲಿಸಿಬಿಟ್ಟಳು. ವಿಟಮಿನ್ನು ಹುಕ್ಕಿನ ಡಬ್ಬದಲ್ಲೇ ಉಳಿಯಿತು.

ಹತ್ತನೇ ವಾರ ನಮ್ಮ ಆಸ್ಪತ್ರೆಯ ನಿಯಮದಂತೆ ರೋಗಿಗೆ ಫೋನ್ ಮಾಡಿ ವಿಚಾರಿಸುವ ಫಾರಂ ತುಂಬಬೇಕು. ತುಂಬುವವಳು ನಾನು, ರೋಗಿ ನನ್ನ ಅಕ್ಕ. ವಾಂತಿ ಇದೆಯೇ ಎಂಬ ಪ್ರಶ್ನೆಗೆ ಎರಡೇ ಚೌಕ, ಇದೆ ಮತ್ತು ಇಲ್ಲ. ಇದೆ ಎಂದು ಗುರುತು ಹಾಕಿದರೆ ಇನ್ನೂ ಮೂರು ಫಾರಂ ಲಗತ್ತಿಸಬೇಕು.

"ವಾಂತಿ ಗೀಂತಿ ಏನಾದ್ರೂ ಐತೇನಕ್ಕ?"

"ಆಗ್ತದೆ ಕಣೇ, ಒಂದೊಂದ್ಸಲ."

"ದಿನಾನಾ?"

"ದಿನಾ ಅಂದ್ರೆ... ತಿಂದಾಗ."

"ಬೇಗ ಬೇಗ ತಿಂತಿರ್ತೀಯ ನೀನು. ಮೆಲ್ಲಗೆ ತಿನ್ನು. ಮಾಮೂಲಿ ಅದು," ಅಂದು ನಾನು ಇಲ್ಲ ಎಂಬ ಚೌಕಕ್ಕೆ ಗುರುತು ಹಾಕಿದೆ. ಅವತ್ತು ವಾರ್ಡಿನಲ್ಲಿ ಇಪ್ಪತ್ತೆರಡು ರೋಗಿಗಳಿದ್ದರು. ಇದು ನೆಪ ಅಂತ ನನಗೂ ಗೊತ್ತು.

ಮುಂದಿನ ವಾರ ಚೆಕಪ್ಪಿಗೆ ತುಮಕೂರಿಗೆ ಬಂದಳು. ತೂಕದ ಯಂತ್ರದ ಮೇಲೆ ನಿಲ್ಲಿಸಿದರೆ ಎಂಬತ್ತು ಕೆಜಿ. ಸರ್ಜನ್ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. "ಎಕ್ಸಲೆಂಟ್! ಸಿಸ್ಟರ್, ನಿಮ್ಮ ಅಕ್ಕ ನಮ್ಮ ಬೆಸ್ಟ್ ರಿಸಲ್ಟ್ ರೀ!" ಅಂದರು. ಹಜಾರದ ಗೋಡೆಗೆ ಹಾಕಲು ಒಂದು ಫೋಟೋ ಕೇಳಿದರು. ಅಕ್ಕ ನಾಚಿಕೊಂಡು ಬೇಡ ಅಂದಳು. ಫೋಟೋ ಬೇಡ ಅಂದರೇನು, ಆ ತಿಂಗಳ ಗ್ರಾಫಿನಲ್ಲಿ ಅತ್ಯಂತ ಕಡಿದಾದ ಗೆರೆ ಅವಳದೇ. ತಿಂದದ್ದೆಲ್ಲ ಕಕ್ಕುವವಳ ತೂಕ ಇಳಿಯದೆ ಏರುತ್ತದೆಯೇ ಅಂತ ಒಂದು ಹುಳವೂ ಯಾರ ತಲೆಯನ್ನೂ ಕೊರೆಯಲಿಲ್ಲ. ಕಾರಿಡಾರಿನಲ್ಲಿ ಅಕ್ಕ ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದಳು, "ಹೆಬ್ಬೂರಲ್ಲಿ ಬಸ್ ನಿಲ್ಲಿಸಿ ವಾಂತಿ ಮಾಡ್ದೆ ಕಣೇ. ಬರೀ ನೀರು ಕುಡಿದಿದ್ದೆ." ನಾನು ಏನಂದೆ? "ಬಸ್ಸಿಗೆ ಆಗಿರ್ತದೆ ಬಿಡಕ್ಕ" ಅಂದೆ.

ಅದಾಗಿ ಹತ್ತು ದಿನಕ್ಕೆ, ನಾನು ರೌಂಡ್ಸಿನಲ್ಲಿದ್ದಾಗ, ಭಾವನ ಫೋನ್ ಬಂತು. ಕುಣಿಗಲ್ಲಿನ ಕ್ಲಿನಿಕ್ಕಿನಿಂದ ಮಾತಾಡುತ್ತಿದ್ದರು. ಅಕ್ಕನಿಗೆ ಸುಸ್ತು ಅಂತ ಮೂರು ದಿನದಿಂದ ಅಲ್ಲಿ ಗ್ಲೂಕೋಸ್ ಹಾಕಿಸುತ್ತಿದ್ದರಂತೆ. ನಮ್ಮ ಜಿಲ್ಲೆಯಲ್ಲಿ ಯಾವ ಸುಸ್ತಿಗಾದರೂ ಜನ ಕೇಳಿ ಹಾಕಿಸಿಕೊಳ್ಳುವುದು ಒಂದು ಬಾಟಲಿ ಗ್ಲೂಕೋಸ್. ಹಾಕದ ಡಾಕ್ಟರು ಡಾಕ್ಟರೇ ಅಲ್ಲ.

"ನೆನ್ನೆಯಿಂದ ಎಲ್ಲಾ ಎರಡೆರಡು ಕಾಣ್ತದೆ ಅಂತಾಳಮ್ಮ. ನಡೆದ್ರೆ ಕುಡ್ದೋರು ತೂರಾಡ್ದಂಗೆ ತೂರಾಡ್ತಾಳೆ. ಗ್ಲೂಕೋಸ್ ಹಾಕಿದ್ಮ್ಯಾಲೆ ಜಾಸ್ತಿನೇ ಆಗೈತೆ."

ರೌಂಡ್ಸ್ ಬಿಟ್ಟು ಹೊರಗೆ ಬಂದೆ. ವಾಂತಿ, ಎರಡೆರಡು ಕಾಣುವುದು, ತೂರಾಡುವುದು. ಹೊಟ್ಟೆ ಸಣ್ಣ ಮಾಡಿಸಿಕೊಂಡವರಿಗೆ ಈ ಮೂರು ಸೇರಿದರೆ ಮೈಯಲ್ಲಿ ಬಿ ಒನ್ ಎಂಬ ವಿಟಮಿನ್ ಬರಿದಾಗಿದೆ, ಮಿದುಳಿಗೆ ಪೆಟ್ಟು ಬೀಳುತ್ತಿದೆ ಅಂತ ಅರ್ಥ. ಆ ಸ್ಥಿತಿಯಲ್ಲಿ ಮೊದಲು ಆ ವಿಟಮಿನ್ ಕೊಡದೆ ಗ್ಲೂಕೋಸ್ ಏರಿಸಿದರೆ ಇದ್ದಬದ್ದ ಚೂರೂ ಖರ್ಚಾಗಿ ಹೋಗುತ್ತದೆ. ಇದು ನನಗೆ ಹೇಗೆ ಗೊತ್ತು ಅಂದರೆ, ಸಮಿತಿಯ ಪೋಸ್ಟರಿನಲ್ಲಿತ್ತು. ಅದನ್ನು ನಮ್ಮ ಡ್ಯೂಟಿ ರೂಮಿನ ಬಾಗಿಲ ಹಿಂದೆ ನನ್ನ ಕೈಯಾರೆ ಅಂಟಿಸಿದ್ದೆ, ನಮ್ಮ ಸ್ವೆಟರುಗಳನ್ನು ನೇತುಹಾಕುವ ಮೊಳೆಯ ಕೆಳಗೆ.

"ಭಾವ, ಡಾಕ್ಟ್ರಿಗೆ ಯಾವ ಆಪರೇಷನ್ ಅಂತ ಹೇಳಿದೀರಾ?"

"ಅದೇ... ಗಾಲ್‌ಬ್ಲಾಡರ್ ಅಂದಿವ್ನಿ."

"ಈಗ್ಲೇ ಹೋಗಿ ನಿಜ ಹೇಳಿ! ಗ್ಲೂಕೋಸ್ ನಿಲ್ಸಕ್ಕೆ ಹೇಳಿ! ಫೋನ್ ಕೊಡಿ ಅವ್ರಿಗೆ!"

"ಪೇಷಂಟ್ ನೋಡ್ತಾವ್ರೆ... ನಮ್ಮಕ್ಕನೂ ಇಲ್ಲೇ ಕುಂತವ್ಳೆ... ಆಮ್ಯಾಕ್ ಹೇಳ್ತೀನಿ," ಅಂದು ಇಟ್ಟರು. ಮತ್ತೆ ಮಾಡಿದರೆ ಎತ್ತಲಿಲ್ಲ.

ಸರ್ಜನ್ನಿಗೆ ಹೇಳಿ, ಯೂನಿಫಾರಮ್ಮಿನಲ್ಲೇ ಕುಣಿಗಲ್ ಬಸ್ಸು ಹತ್ತಿದೆ. ಹೆಬ್ಬೂರಿನಲ್ಲಿ ಬಸ್ಸು ನಿಂತಿತು. ಅಕ್ಕ ಇಳಿದು ವಾಂತಿ ಮಾಡಿದ ಜಾಗ ಯಾವುದಿರಬಹುದು ಅಂತ ಕಿಟಕಿಯಿಂದ ನೋಡಿದೆ. ಅಳು ಬಂತು. ಪಕ್ಕದಲ್ಲಿದ್ದ ಹೆಂಗಸು ಸಿಸ್ಟರಮ್ಮ ಅಳುವುದನ್ನು ವಿಚಿತ್ರವಾಗಿ ನೋಡುತ್ತಾ ಸ್ವಲ್ಪ ಆಚೆ ಸರಿದು ಕೂತರು.

ಕ್ಲಿನಿಕ್ಕಿಗೆ ನುಗ್ಗಿದರೆ ಬಾಟಲಿ ಇನ್ನೂ ತೊಟ್ಟಿಕ್ಕುತ್ತಿತ್ತು. ಮಂಚದ ಮೇಲೆ ಅಕ್ಕ. ಕಣ್ಣಗುಡ್ಡೆಗಳು ನಿಂತಲ್ಲಿ ನಿಲ್ಲದೆ ಅದುರುತ್ತಿದ್ದವು. ಪಕ್ಕದ ಸ್ಟೂಲಿನ ಮೇಲೆ ಭಾವನ ಅಕ್ಕ ಕೂತು ಒದ್ದೆ ಬಟ್ಟೆಯಲ್ಲಿ ಅವಳ ಹಣೆ ಒರೆಸುತ್ತಿದ್ದರು. ಅಕ್ಕ ನನ್ನ ಕಡೆ ನೋಡಿ, "ನೀನು ಇಬ್ರು ಕಾಣ್ತಿದೀಯ ಕಣೇ," ಅಂದಳು.

ಡಾಕ್ಟರು ವಯಸ್ಸಾದವರು. ಅರ್ಧ ಊರಿನ ಜ್ವರ ನೆಗಡಿ ನೋಡಿ ಮುಗಿಸಿದವರು. ನನ್ನ ಯೂನಿಫಾರಂ ನೋಡಿ ಎದ್ದು ಬಂದರು. "ಬಾಮ್ಮ. ನೀನೇನಾ ತುಮಕೂರಿನ ಸಿಸ್ಟರ್ರು? ಗಾಲ್‌ಬ್ಲಾಡರ್ ತೆಗೆದು ಮೂರು ತಿಂಗಳಾದ್ಮೇಲೆ ಈ ಪಾಟಿ ವಾಂತಿ ಯಾಕಾಗ್ತಿದೆ? ನಂಗೆ ತಲೆಬುಡ ಗೊತ್ತಾಗ್ತಿಲ್ಲ."

ನಾನು ಭಾವನನ್ನು ನೋಡಿದೆ. ಭಾವ ಗೋಡೆಯ ಕ್ಯಾಲೆಂಡರಿನಲ್ಲಿ ಏನೋ ಅರ್ಜೆಂಟಾಗಿ ಹುಡುಕುತ್ತಿದ್ದರು. ನಾಚಿಕೆಯಿಂದಲೇ ಬರೆಯುತ್ತೇನೆ, ನಾನೂ ಒಂದು ಗಳಿಗೆ ತಡೆದು ಭಾವನ ಅಕ್ಕನ ಮುಖ ನೋಡಿದೆ. ಇಷ್ಟಾದ ಮೇಲೂ. ನನ್ನ ಒಡಹುಟ್ಟಿದವಳ ಮಿದುಳು ಹನಿಹನಿಯಾಗಿ ಹೋಗುತ್ತಿದ್ದಾಗ, ಇವರು ಏನಂದುಕೊಂಡಾರು ಎಂಬುದು ನನ್ನ ತಲೆಯಲ್ಲಿ ಬಂತು.

"ಗಾಲ್‌ಬ್ಲಾಡರ್ ಅಲ್ಲ ಸಾರ್. ತೂಕ ಇಳಿಸೋಕೆ ಹೊಟ್ಟೆ ಕತ್ತರಿಸಿರೋದು. ಒಂದು ತಿಂಗಳಿಂದ ವಾಂತಿ. ವಿಟಮಿನ್ ಬಿಟ್ಟಿದಾಳೆ."

ಡಾಕ್ಟರು ನೆಟ್ಟಗೆ ಮಂಚದ ಹತ್ತಿರ ಹೋಗಿ ಪೈಪಿನ ಗಾಲಿಯನ್ನು ತಾವೇ ತಿರುಗಿಸಿ ಬಾಟಲಿ ನಿಲ್ಲಿಸಿದರು. ಬೀರು ತೆಗೆದು ಒಳಗಿನ ತಟ್ಟೆಯಿಂದ ಸಣ್ಣ ಸೀಸೆಗಳನ್ನು ತಂದರು. ಬಿ ಒನ್. ಕುಡಿತ ಜಾಸ್ತಿಯಾಗಿ ಬರುವವರಿಗೆ ಗ್ಲೂಕೋಸಿಗೆ ಮೊದಲು ಕೊಡಲೆಂದು ಅವರು ಯಾವಾಗಲೂ ಇಟ್ಟಿರುತ್ತಿದ್ದರಂತೆ. ಸಿರಿಂಜಿಗೆ ಎಳೆದುಕೊಳ್ಳುತ್ತಲೇ ಬೈಯತೊಡಗಿದರು.

"ಮೂರು ದಿವಸದಿಂದ ನನ್ನ ಕೈಲಿ ಏನು ಮಾಡಿಸ್ತಿದೀರಿ ಗೊತ್ತೇನ್ರಿ ನಿಮಗೆ? ಮೊದಲ್ನೇ ದಿನವೇ ಒಂದು ಮಾತು ಹೇಳಿದ್ರೆ ಈ ಸೂಜಿ ಹಾಕಿ ಆಮೇಲೆ ಬಾಟಲಿ ಮುಟ್ತಿದ್ದೆ. ಬೀರುವಲ್ಲೇ ಇತ್ತಲ್ರೀ!"

ಆಗ ಒದ್ದೆ ಬಟ್ಟೆ ಹಿಡಿದು ಕೂತಿದ್ದ ಭಾವನ ಅಕ್ಕ, ಯಾರಿಗೆ ಹೆದರಿ ಇಷ್ಟೆಲ್ಲ ನಾಟಕ ಕಟ್ಟಿದ್ದೆವೋ ಆ ದೊಡ್ಡ ಬಾಯಿಯ ಹೆಂಗಸು, ತಮ್ಮನ ಮುಖ ನೋಡಿ ಹೇಳಿದರು. "ಅಯ್ಯೋ, ಅಷ್ಟೇಯಾ? ನಮ್ಮ ಬೀದೀಲೇ ಒಬ್ಬಳು ಮಾಡಿಸ್ಕೊಂಡವ್ಳೆ, ಅದ್ರಾಗೇನೈತೆ? ನಂಗೊಂದ್ಮಾತು ಹೇಳಿದ್ರೆ ಮುದ್ದೆ ಇಕ್ಕ್ತಿದ್ನೇನೋ ನಾನು? ಗಂಜಿ ಕಾಯ್ಸ್ಕೊಡ್ತಿದ್ನಲ್ಲೋ!" ಅಂದವರೇ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳತೊಡಗಿದರು.

ಅವತ್ತೇ ಅಕ್ಕನನ್ನು ತುಮಕೂರಿಗೆ ಕರೆದುಕೊಂಡು ಬಂದೆವು. ನಮ್ಮ ಸರ್ಜನ್ ದಿನಕ್ಕೆ ಮೂರು ಸಲ ಬಂದು ನೋಡಿದರು. ಕಿರಿದಾಗಿದ್ದ ಜಾಗವನ್ನು ಬಾಯಿಯ ಮೂಲಕ ಬಲೂನು ಇಳಿಸಿ ಹಿಗ್ಗಿಸಿದರು. ವಿಟಮಿನ್ ರಕ್ತಕ್ಕೇ ಹೋಯಿತು. ಕಣ್ಣು ವಾರದೊಳಗೆ ಸರಿಹೋಯಿತು. ನಡಿಗೆ ಸರಿಹೋಗಲು ಕೆಲವು ತಿಂಗಳು ಕೋಲು ಬೇಕಾಯಿತು. ನೆನಪು ಮಾತ್ರ ಪೂರ್ತಿ ವಾಪಸ್ ಬರಲಿಲ್ಲ. ಹಳೆಯದೆಲ್ಲ ಇದೆ. ನಮ್ಮ ಅಜ್ಜಿ ಹೇಗೆ ಸೀನುತ್ತಿದ್ದಳು ಅನ್ನುವುದನ್ನೂ ಮಾಡಿ ತೋರಿಸುತ್ತಾಳೆ. ಹೊಸದು ನಿಲ್ಲುವುದಿಲ್ಲ. ಬೆಳಿಗ್ಗೆ ತೆಗೆದುಕೊಂಡ ಅಳತೆ ಮಧ್ಯಾಹ್ನಕ್ಕೆ ಇರುವುದಿಲ್ಲ.

ಮುಂದಿನ ಸಭೆಯಲ್ಲಿ ಗ್ರಾಫ್ ಮತ್ತೆ ಗೋಡೆಯ ಮೇಲೆ ಬಿತ್ತು. ಅಕ್ಕನ ಗೆರೆ ಅಲ್ಲೇ ಇತ್ತು, ಫಲಿತಾಂಶ ಅತ್ಯುತ್ತಮ ಎಂಬ ಷರಾದೊಂದಿಗೆ. ನಾನು ಎದ್ದು ನಿಂತು, ಅವಳ ಜ್ಞಾಪಕ ಶಕ್ತಿ ಹೋಗಿದೆ, ಅದನ್ನೂ ಬರೆಯಿರಿ ಅಂದೆ. ಅಂಕಿ ಅಂಶ ನೋಡಿಕೊಳ್ಳುವ ಹುದ್ದೆಯಲ್ಲಿರುವವರು ತುಂಬ ಮರ್ಯಾದೆಯಿಂದ, "ಅದಕ್ಕೆ ಕಾಲಂ ಇಲ್ಲ ಸಿಸ್ಟರ್" ಅಂದರು. ಅವತ್ತು ನಾನು ಸಭೆಯಲ್ಲಿ ಕೂಗಾಡಿದ್ದು ಇವತ್ತಿಗೂ ಆಸ್ಪತ್ರೆಯಲ್ಲಿ ಮಾತಾಗಿದೆ. ಕೇಕು ನೆಲಕ್ಕೆ ಬಿದ್ದದ್ದು ಆಕಸ್ಮಿಕ ಅಂತಲೇ ನಾನು ಹೇಳಿಕೊಂಡು ಬಂದಿದ್ದೇನೆ.

ಆ ಕೂಗಾಟದಿಂದ ಎರಡು ಮೂರು ಕೆಲಸ ಆದವು. ವಾಂತಿಯ ಚೌಕ ಹೋಗಿ, ನಿನ್ನೆ ಎಷ್ಟು ಸಲ ವಾಂತಿಯಾಯಿತು ಎಂಬ ಪ್ರಶ್ನೆ ಬಂತು. ತೂಕ ತೀರಾ ಬೇಗ ಇಳಿದರೆ ಚಪ್ಪಾಳೆಯ ಬದಲು ಕರೆಸಿ ಪರೀಕ್ಷೆ ಮಾಡುವುದಾಯಿತು. ಮನೆಗೆ ಹೋಗುವವರ ಕೈಗೆ ಕನ್ನಡದಲ್ಲಿ ಒಂದು ಚೀಟಿ ಕೊಡುತ್ತೇವೆ: ನನಗೆ ಹೊಟ್ಟೆ ಚಿಕ್ಕದು ಮಾಡುವ ಆಪರೇಷನ್ ಆಗಿದೆ, ವಾಂತಿ ನಿಲ್ಲದಿದ್ದರೆ ಗ್ಲೂಕೋಸಿಗೆ ಮೊದಲು ಬಿ ಒನ್ ಕೊಡಿ. ಹೆಂಗಸರು ಪರ್ಸಿನಲ್ಲಿ, ಗಂಡಸರು ಮೇಲು ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಬೀರುವಿನಲ್ಲಿ ಕೂಡದು.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆಯನ್ನು ಮಾತ್ರ ನಾನೇ ಬಾಯಲ್ಲಿ ಕೇಳುತ್ತೇನೆ, ಫಾರಮ್ಮಿನಲ್ಲಿ ಇಲ್ಲ. "ಊರಲ್ಲಿ ಏನು ಆಪರೇಷನ್ ಅಂತ ಹೇಳಿದೀರಾ?" ಕೇಳಿದ ಕೂಡಲೇ ಎಲ್ಲರೂ ಒಂದೇ ಥರ ತಲೆ ತಗ್ಗಿಸುತ್ತಾರೆ. ಸಿ.ಎಸ್. ಪುರದಿಂದ ಬಂದ ಒಬ್ಬರು ಹರ್ನಿಯಾ ಅಂದಿದ್ದರು. ಗುಬ್ಬಿಯ ಒಬ್ಬಾಕೆ ಅಪೆಂಡಿಕ್ಸ್. ಕಲ್ಲುಗಳಂತೂ ಲೆಕ್ಕವಿಲ್ಲ. ಅವರವರ ಊರಿನ ಡಾಕ್ಟರ ಫೋನ್ ನಂಬರು ಈಸಿಕೊಂಡು, ಅವರೆದುರೇ ಫೋನ್ ಮಾಡಿ ನಿಜ ಹೇಳದೆ ನಾನು ಯಾರನ್ನೂ ಮನೆಗೆ ಬಿಡುವುದಿಲ್ಲ. ಮುದ್ದೆ ನುಂಗುತ್ತೀರಾ ಅಂತಲೂ ಕೇಳುತ್ತೇನೆ. ಹೊಸ ಸಿಸ್ಟರುಗಳು ನನ್ನ ಬೆನ್ನ ಹಿಂದೆ ನಗುತ್ತಾರೆ, ನಗಲಿ.

ಇನ್ನು ಮೇಲೆ ಸುಳ್ಳು ಹೇಳುವುದಿಲ್ಲ ಅಂತ ಅಕ್ಕನ ಮಂಚದ ಪಕ್ಕದಲ್ಲಿ ಆಣೆ ಮಾಡಿದ್ದೆ. ಸುಮಾರಾಗಿ ಪಾಲಿಸಿಕೊಂಡೂ ಬಂದಿದ್ದೆ, ಹೋದ ಭಾನುವಾರದ ತನಕ.

ಹೋದ ಭಾನುವಾರ ಕುಣಿಗಲ್ಲಿಗೆ ಹೋಗಿದ್ದೆ. ಅಕ್ಕ ಈಗ ಅರವತ್ತೆಂಟು ಕೆಜಿ. ಸಕ್ಕರೆ ಕಾಯಿಲೆಯ ಮಾತ್ರೆ ನಿಂತಿದೆ, ಮಂಡಿ ನೋವಿಲ್ಲ, ಕೋಲು ಬಾಗಿಲ ಮೂಲೆಯಲ್ಲಿ ಧೂಳು ತಿನ್ನುತ್ತಿದೆ. ಬಂದವರಿಗೆಲ್ಲ ಅವಳೇ ಹೇಳುತ್ತಾಳೆ, "ಹೊಟ್ಟೆ ಕುಯ್ಸಿವ್ನಿ, ಅದಕ್ಕೇ ಹಿಂಗೆ." ನಾನು ಕೊಟ್ಟ ಚೀಟಿಯನ್ನು ಮೆಷಿನ್ನಿನ ಎದುರು ಗೋಡೆಗೆ ಅಂಟಿಸಿದ್ದಾಳೆ. ಅದರ ಪಕ್ಕದಲ್ಲಿ ಅಳತೆ ಬರೆಯುವ ಒಂದು ಪುಸ್ತಕ ದಾರದಲ್ಲಿ ನೇತಾಡುತ್ತದೆ. ಬರೆಯಬೇಕು ಅನ್ನುವುದೇ ಎಷ್ಟೋ ಸಲ ನೆನಪಿರುವುದಿಲ್ಲ. ಗಿರಾಕಿಗಳು ಕಮ್ಮಿಯಾಗಿದ್ದಾರೆ. ಹೊಲಿಗೆ ಮಾತ್ರ ಹಾಗೇ ಇದೆ, ನೂಲು ಹಿಡಿದಂತೆ ನೇರ.

ನಾನು ಒಂದು ಬ್ಲೌಸ್ ಪೀಸ್ ಕೊಟ್ಟೆ. ನನ್ನ ಮದುವೆಯ ಬ್ಲೌಸಿನಿಂದ ಇಲ್ಲಿಯವರೆಗೆ ಅವಳೇ ಹೊಲಿದದ್ದು. ಒಂದು ಸಲವೂ ನನ್ನ ಮೈಗೆ ಟೇಪು ಮುಟ್ಟಿಸಿದವಳಲ್ಲ, ಕಣ್ಣಲ್ಲೇ ಅಳೆಯುತ್ತಿದ್ದಳು. ಈಗ ಕತ್ತಿನಿಂದ ಟೇಪು ತೆಗೆದು ಎದೆ ಅಳೆದಳು, ತೋಳು ಅಳೆದಳು, ಪುಸ್ತಕದ ಕಡೆ ತಿರುಗಿದಳು. ಅಷ್ಟರಲ್ಲಿ ಒಲೆಯ ಮೇಲಿನ ಹಾಲು ನೆನಪಾಗಿ ಒಳಗೆ ಹೋದಳು. ವಾಪಸ್ ಬಂದು ಮತ್ತೆ ಅಳೆದಳು. ಬೀದಿಯಲ್ಲಿ ಯಾರೋ ಮಾತಾಡಿಸಿದರು, ಉತ್ತರ ಕೊಟ್ಟಳು. ಆಮೇಲೆ ಟೇಪನ್ನು ಕೈಯಲ್ಲಿ ಹಿಡಿದು ನನ್ನ ಮುಖವನ್ನೇ ನೋಡುತ್ತಾ ನಿಂತಳು. 'ತೋಳು ಅರ್ಧ ಇಂಚು ಜಾಸ್ತಿ' ಅನ್ನುತ್ತಿದ್ದ ಆ ಕಣ್ಣಿನಲ್ಲಿ ಸಣ್ಣ ಗಾಬರಿ ಇತ್ತು.

"ನಿನ್ನ ಅಳತೆ ತಗೊಂಡ್ನೇನೇ?"

"ಇಲ್ಲ ಕಣಕ್ಕ, ಇನ್ನೂ ತಗೊಂಡಿಲ್ಲ," ಅಂದು ಎರಡೂ ಕೈ ಎತ್ತಿ ನಿಂತೆ.